ಆರು ಮುದ್ದೆಯ ಹಸಿವು

ದುದ್ದದ ಬಸ್ಸಿನಲ್ಲಿ ಹಾಸನಕ್ಕೆ ಬಂದಿಳಿದ ಅವಳ ತಮ್ಮ ನಮ್ಮ ಜಗಲಿಯ ಮೇಲೆ ಕೂತು, ಕೊಟ್ಟ ನೀರನ್ನೆಲ್ಲ ಕುಡಿದು, ಚೊಂಬನ್ನು ಕೆಳಗಿಟ್ಟ ಮೇಲೆ ಹೇಳಿದ.

"ಅಕ್ಕ ಓಗ್ಬುಟ್ಳು ಕಣ್ರವ್ವ. ಸ್ವಾಮಾರ ಬೆಳಗ್ಗೆ."

ಅಂದು ಗುರುವಾರ. "ಮಣ್ಣಿಗಾದರೂ ಹೇಳಿ ಕಳಿಸಬಾರದಿತ್ತೇನಪ್ಪ?" ಎಂದೆ.

"ಮಣ್ಣು ಮಾಡಿದ್ ಮ್ಯಾಲೆ ಯೋಳು ಅಂತ ಅವ್ಳೇ ಅಂದಿದ್ಲು," ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಹಾಗೆ ಹೇಳಿಯೇ ಇರುತ್ತಾಳೆ. ಒಳಗೆ ಹೋಗಿ ದೇವರ ದೀಪಕ್ಕೆ ಎಣ್ಣೆ ಹಾಕಿದೆ. ಮಾಡುವುದಕ್ಕೆ ಬೇರೆ ಏನೂ ತೋಚಲಿಲ್ಲ.

ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೊಳೆನರಸೀಪುರದಲ್ಲಿ ಆ ಹೆಸರಿಗೆ ಒಂದು ಕೆಟ್ಟ ಮಾತು ಅಂಟಿಕೊಂಡಿದೆ, ಹೆಸರು ಬರೆದರೆ ಮಾತೂ ಹಿಂದೆಯೇ ಬರುತ್ತದೆ. ನಾನು ಅವಳನ್ನು ಅಕ್ಕಯ್ಯ ಎನ್ನುತ್ತಿದ್ದೆ. ಇಲ್ಲಿಯೂ ಹಾಗೇ ಇರಲಿ.

ಐವತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಯಜಮಾನರು ಹೊಳೆನರಸೀಪುರದಲ್ಲಿ ಮೇಷ್ಟ್ರಾಗಿದ್ದರು, ಜೊತೆಗೆ ಹಳ್ಳಿಯ ಹುಡುಗರಿಗಾಗಿ ನಡೆಯುತ್ತಿದ್ದ ಒಂದು ಸಣ್ಣ ಹಾಸ್ಟೆಲಿನ ವಾರ್ಡನ್ ಕೂಡ. ಸುತ್ತಿನ ರೈತರು ಸುಗ್ಗಿಯಲ್ಲಿ ಗಾಡಿಯಲ್ಲಿ ತಂದು ಸುರಿಯುವ ರಾಗಿಯಿಂದಲೇ ಆ ಹಾಸ್ಟೆಲು ಉಸಿರಾಡುತ್ತಿತ್ತು. ಹಾಸ್ಟೆಲಿನ ಅಡುಗೆಮನೆಗೂ ನಮ್ಮ ಮನೆಯ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಅರಕಲಗೂಡಿನ ನನ್ನ ತವರಿನಲ್ಲಿ ಹತ್ತಾರು ಜನರ ನಡುವೆ ಬೆಳೆದವಳು ನಾನು. ಮದುವೆಯಾಗಿ ಬಂದ ಊರಿನಲ್ಲಿ ಮಾತಾಡಲು ಸಿಕ್ಕವಳು ಗೋಡೆಯಾಚೆಯ ಅಡುಗೆಯವಳು. ಆಗ ಅವಳಿಗೆ ಮೂವತ್ತೈದು ಇರಬಹುದು. ದುದ್ದದಿಂದಾಚೆಯ ಹಳ್ಳಿಯವಳು, ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲ.

ಅವಳು ಹಿಟ್ಟು ತೊಳಸುವುದನ್ನು ನೋಡಬೇಕಿತ್ತು. ತಪ್ಪಲೆಗೆ ಅಡ್ಡಕೋಲು ಕೊಟ್ಟು, ಅದರ ಎರಡು ತುದಿಯನ್ನು ಎರಡು ಪಾದದಿಂದ ಒತ್ತಿ ಹಿಡಿದು, ಸೊಂಟ ಬಗ್ಗಿಸಿ ಕೋಲು ತಿರುಗಿಸುತ್ತಿದ್ದಳು. ಆಗ ಯಾರೂ ಮಾತಾಡಿಸುವ ಹಾಗಿಲ್ಲ.

"ಮಾತಾಡುದ್ರೆ ಗಂಟಾಯ್ತದೆ ಅಮ್ಮಾರೆ. ಹಿಟ್ಗೆ ಕಿವಿ ಅದೆ."

ನಲವತ್ತು ಹುಡುಗರಿಗೆ ತಲೆಗೆ ಎರಡರಂತೆ ಮುದ್ದೆ ಕಟ್ಟಿ ಮೊರದ ಮೇಲೆ ಸಾಲಾಗಿ ಇಟ್ಟರೆ ಒಂದು ದೊಡ್ಡದು ಒಂದು ಚಿಕ್ಕದು ಎನ್ನುವಂತಿರಲಿಲ್ಲ. ಹುಡುಗರನ್ನು ಅವರ ಊರಿನ ಹೆಸರಿನಿಂದಲೇ ಕರೆಯುತ್ತಿದ್ದಳು. "ಲೇ ಬೂವನಹಳ್ಳಿ, ಸಾರು ಚೆಲ್ಬ್ಯಾಡ ಕಣ್ಲಾ. ಲೇ ಅರಕಲಗೂಡು, ನಿಮ್ಮೂರ್ನಾಗೆ ಎಡಗೈಲಿ ಉಣ್ತಾರಾ?" ಆ ಊರಿನ ಹೆಸರು ಬಂದಾಗ ಗೋಡೆಯ ಕಡೆ ತಿರುಗಿ ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದಳು, ನನಗೆ ಕೇಳಲಿ ಎಂದು.

ನನ್ನ ವ್ರತಗಳನ್ನು ಕಂಡರೆ ಅವಳಿಗೆ ನಗು. ಸೋಮವಾರ, ಶನಿವಾರ ನಾನು ಒಪ್ಪೊತ್ತು. ಏಕಾದಶಿಗೆ ಅದೂ ಇಲ್ಲ. ಆದರೂ ಎರಡನೆಯ ಹೆರಿಗೆಯ ಮೇಲೆ ನನ್ನ ಮೈ ಬೆಳೆಯುತ್ತಲೇ ಹೋಯಿತು. ರವಿಕೆಗಳನ್ನೆಲ್ಲ ಬಿಚ್ಚಿ ಹೊಲಿಸಿದ್ದಾಯಿತು. "ನಿಮ್ ದ್ಯಾವ್ರು ಗಾಳೀಲೇ ತುಪ್ಪ ಕಲ್ಸಿ ಕೊಡ್ತಾನೆ ಅಮ್ಮಾರೆ. ನಮ್ಮಂತೋರ್ಗೆ ಯಾವ್ ದ್ಯಾವ್ರು ಕೊಟ್ಟಾನು?" ಎನ್ನುತ್ತಿದ್ದಳು. ನನಗೆ ಬೇಜಾರಾಗುತ್ತಿರಲಿಲ್ಲ. ಮುಖದೆದುರೇ ಹೇಳುವವರು ಸಿಕ್ಕುವುದೂ ಒಂದು ದಯೆ ಎಂದುಕೊಳ್ಳುತ್ತಿದ್ದೆ.

ಅವಳು ಬಂದ ಮೂರನೆಯ ವರ್ಷ ಇರಬೇಕು. ಅವಳ ಮೈ ಇಳಿಯತೊಡಗಿತು. ಕೈಯ ತಾಮ್ರದ ಕಡಗ ಮೊಣಕೈಯವರೆಗೂ ಹೋಗಿ ಬರುತ್ತಿತ್ತು. ಕತ್ತಿನ ಮುಂಭಾಗದಲ್ಲಿ ನಿಂಬೆಹಣ್ಣಿನಷ್ಟು ಊತ. ಕೇಳಿದರೆ, "ನೀರ್ ಒತ್ತೂ ಒತ್ತೂ ಬಂದೈತೆ," ಎಂದು ಸೆರಗೆಳೆದುಕೊಂಡಳು. ಮಾರ್ಗಶಿರದ ಚಳಿಯಲ್ಲಿ ನಾವು ಕಂಬಳಿಯೊಳಗೆ ಮುದುಡಿದ್ದರೆ ಅವಳು ಬೆಳಗ್ಗೆಯೇ ಬೆವರು ಒರೆಸಿಕೊಳ್ಳುತ್ತ ಹೊರಗೆ ಗಾಳಿಗೆ ಕೂತಿರುತ್ತಿದ್ದಳು. ಕಣ್ಣುಗುಡ್ಡೆ ಮುಂದಕ್ಕೆ ಬಂದಂತೆ, ರೆಪ್ಪೆ ಮೇಲೇ ನಿಂತಂತೆ ಆಯಿತು. "ಅಡುಗೆಯವಳು ಈಚೀಚೆಗೆ ದುರುಗುಟ್ಟಿಕೊಂಡು ನೋಡುತ್ತಾಳೆ, ಕೊಬ್ಬು," ಎಂದು ಯಜಮಾನರೇ ಒಮ್ಮೆ ಅಂದರು. ನನಗೆ ಮಜ್ಜಿಗೆಯ ಲೋಟ ಕೊಡುವಾಗ ಅವಳ ಕೈ ಸಣ್ಣಗೆ ನಡುಗುತ್ತಿತ್ತು. ಎಷ್ಟೋ ದಿನ ಮಜ್ಜಿಗೆ ನನ್ನ ಸೀರೆಯ ಮೇಲೆ ಚೆಲ್ಲಿದ್ದುಂಟು. "ಕೋಲು ತಿರುಗ್ಸಿ ತಿರುಗ್ಸಿ ಕೈಗೆ ಅದೇ ಅಭ್ಯಾಸ ಆಗೋಗದೆ," ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಈ ನಡುಗುವ ಕೈಯ ಮಾತನ್ನು ಓದುವವರು ಮರೆಯಬಾರದು. ನಾನು ಅದನ್ನು ದಿನವೂ ಕಂಡಿದ್ದೆ.

ಆಮೇಲೆ ಮುದ್ದೆ ಕಡಿಮೆ ಬೀಳತೊಡಗಿತು.

ಹಿಟ್ಟನ್ನು ಬೆಳಗ್ಗೆ ಯಜಮಾನರೇ ಅಳೆದು ಕೊಡುತ್ತಿದ್ದರು. ಅವಳ ಪಾಲು ಬಿಟ್ಟು ಎಂಬತ್ತು ಮುದ್ದೆ ಆಗಬೇಕಾದ ಹಿಟ್ಟು ಎಪ್ಪತ್ತೈದಕ್ಕೆ, ಎಪ್ಪತ್ನಾಲ್ಕಕ್ಕೆ ನಿಂತಿತು. ಕೊನೆಯ ಸಾಲಿನ ಹುಡುಗರಿಗೆ ಒಂದೊಂದೇ. ಎರಡು ತಿಂಗಳು ಯಜಮಾನರು ಯಾರಿಗೂ ಹೇಳದೆ ನೋಡಿದರು. ಆಮೇಲೆ ಹಾಸ್ಟೆಲಿನ ಮುಖ್ಯಸ್ಥರಿಗೆ ಹೇಳಲೇಬೇಕಾಯಿತು. ಅವರು ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯ ದೊಡ್ಡ ಕುಳ, ಒಳ್ಳೆಯ ಮನುಷ್ಯರೇ, ಹುಡುಗರ ಊಟಕ್ಕೆಂದು ಮನೆ ಮನೆ ತಿರುಗಿ ರಾಗಿ ಎತ್ತಿದವರು. ಅವರು ಬಂದು ಅವಳ ಟ್ರಂಕು ತೆಗೆಸಿದರು. ಎರಡು ಸೀರೆಯ ಕೆಳಗೆ ಬಟ್ಟೆಯಲ್ಲಿ ಕಟ್ಟಿದ ಹುರಿಹಿಟ್ಟು, ಒಣಗಿದ ಮುದ್ದೆಯ ಚೂರು, ಒಂದು ಬೆಲ್ಲದ ಅಚ್ಚು ಸಿಕ್ಕಿತು. ತಿಂಗಳಿಗೊಮ್ಮೆ ಅವಳ ತಮ್ಮ ಚೀಲ ಹಿಡಿದು ಬರುತ್ತಿದ್ದದ್ದು ಆಗ ಎಲ್ಲರಿಗೂ ನೆನಪಾಯಿತು.

"ಯಾರಿಗ್ ಸಾಗಿಸ್ತಿದ್ದೆ? ತಮ್ಮಂಗಾ, ಅಂಗಡಿಗಾ?"

"ಯಾರ್ಗೂ ಇಲ್ಲ ಸಾ. ನಾನೇ ತಿಂದೆ."

"ಏನು, ಆರು ಮುದ್ದೇನೂ?"

"ಊಂ ಸಾ. ನನ್ ಪಾಲು ಎಲ್ಡು, ಅದ್ರ ಮ್ಯಾಲೆ ನಾಕು, ಐದು, ಆರು. ಹಸೀತದೆ. ಉಂಡ್ ಕೈ ತೊಳ್ಯೋದ್ರೊಳ್ಗೆ ಹಸೀತದೆ. ನಾಚ್ಕೆ ಬುಟ್ಟು ಯೋಳ್ತಾ ಇವ್ನಿ."

ಮುಖ್ಯಸ್ಥರು ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಅಷ್ಟು ತಿಂದೋಳು ಹಿಂಗಿರ್ತಾಳೇನಮ್ಮ? ಗಾಳಿ ಬಂದ್ರೆ ಹಾರೋಗ್ತೀಯ. ತಿಂದಿದ್ರೆ ಮೈಗೆ ಹತ್ತಬೇಕಿತ್ತಲ್ಲ!"

ಬಾಗಿಲಲ್ಲಿ ನಿಂತಿದ್ದ ನನ್ನ ಕಡೆಗೆ ಯಾರೋ ಕಣ್ಣು ಹಾಯಿಸಿದರು, ಯಾರೋ ಕಿಸಕ್ಕೆಂದರು. ಮೈಗೆ ಹತ್ತಿದವಳು ನಾನಿದ್ದೆನಲ್ಲ. ಆದರೆ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅವಳು ತಿಂದೆ ಎಂದದ್ದನ್ನು ನಂಬಲು ಅವಳ ಮೈಯೇ ಬಿಡಲಿಲ್ಲ. ತಿಂದಿದ್ದರೆ ಬೈದು ಬಿಡುತ್ತಿದ್ದರೇನೋ, ಹಸಿದವಳು ತಿಂದಳು ಎಂದು. ದಾನದ ರಾಗಿಯನ್ನು ಮಾರಿಕೊಂಡಳು ಎಂದರೆ ಅದು ಬೇರೆಯೇ ಮಾತು.

ಆಗ ಆಣೆಯ ಮಾತು ಆಡಿದವಳು ನಾನು. ಅವಳನ್ನು ಉಳಿಸಬೇಕೆಂದೇ ಆಡಿದೆ.

"ಊರಮ್ಮನ ಗುಡಿಯಲ್ಲಿ ಕರ್ಪೂರ ಹಿಡಿದು ಹೇಳಲಿ. ತಾಯಿಗೆ ಗೊತ್ತಾಗುತ್ತೆ."

ನಮ್ಮ ಕಡೆ ಅದು ಹೊಸದಲ್ಲ. ಅಂಗೈ ಮೇಲೆ ವೀಳ್ಯದೆಲೆ, ಎಲೆಯ ಮೇಲೆ ಕರ್ಪೂರ, ಹಚ್ಚಿದ ಕರ್ಪೂರ ಉರಿಯುತ್ತಿರುವಾಗ ಮೂರು ಸಲ ಹೇಳಬೇಕು. ಸತ್ಯವಂತರ ಕೈಯನ್ನು ತಾಯಿ ಕಾಯುತ್ತಾಳೆ. ಕರ್ಪೂರವನ್ನು ನಮ್ಮ ದೇವರ ಗೂಡಿನಿಂದ ನಾನೇ ತಂದೆ. ಗುಡಿಯಲ್ಲಿ ಎಲೆ ಹಿಡಿದು ನಿಂತ ಅವಳು ನನ್ನ ಮುಖವನ್ನೇ ನೋಡಿದಳು. ನಾನು ಧೈರ್ಯ ಹೇಳುವ ಹಾಗೆ ತಲೆಯಾಡಿಸಿದೆ.

"ನಾನ್ ಮಾರ್ಲಿಲ್ಲ ತಾಯಿ, ನಾನೇ ತಿಂದೆ," ಎಂದು ಒಂದು ಸಲ ಹೇಳಿದಳು. ಎರಡನೆಯ ಸಲ ಹೇಳುವಾಗ ಎಲೆ ನಡುಗಿತು. ಜ್ವಾಲೆ ಅತ್ತಿತ್ತ ಹೊಯ್ದಾಡಿತು. ಮೂರನೆಯದು ಬಾಯಿಗೆ ಬರುವಷ್ಟರಲ್ಲಿ ಕರ್ಪೂರ ಜಾರಿ ಕಲ್ಲಿನ ಮೇಲೆ ಬಿದ್ದು ಆರಿತು.

ಎಲ್ಲರೂ ಬಗ್ಗಿ ಕಲ್ಲನ್ನು ನೋಡಿದರು. ಆಮೇಲೆ ಪೂಜಾರಪ್ಪ "ಮುಗೀತು" ಎಂದ.

"ನನ್ ಕೈ ಯಾವಾಗ್ಲೂ ನಡುಗ್ತದೆ ಸಾ! ಅಮ್ಮಾರ್ನ ಕೇಳಿ! ಅಮ್ಮಾರೆ, ಯೋಳ್ರವ್ವ!"

ನಾನು ಹೇಳಲಿಲ್ಲ. ಗುಡಿಯೊಳಗೆ, ತಾಯಿಯ ಕಣ್ಣೆದುರು ಬಿದ್ದ ಕರ್ಪೂರ. ಅದರ ಮೇಲೆ ಮಾತಾಡಲು ನನ್ನ ನಾಲಿಗೆ ಏಳಲಿಲ್ಲ. ಮಜ್ಜಿಗೆ ಚೆಲ್ಲಿದ್ದು ಬೇರೆ, ಇದು ಬೇರೆ, ಇಂದು ಕೈ ನಡುಗಿಸಿದವಳು ತಾಯಿಯೇ ಎಂದು ಆ ಗಳಿಗೆಯಲ್ಲಿ ನಿಜವಾಗಿಯೂ ನಂಬಿದೆ. ಸಾಯಂಕಾಲದ ಬಸ್ಸಿಗೆ ಅವಳು ಟ್ರಂಕು ಹೊತ್ತು ಹೋದಳು. ಗೋಡೆಯಾಚೆ ಎರಡು ದಿನ ಒಲೆ ಹೊತ್ತಲಿಲ್ಲ. ಆಮೇಲೆ ಬೇರೆಯವಳು ಬಂದಳು. ಮುದ್ದೆ ಎಂಬತ್ತು ಸರಿಯಾಗಿ ಬಿದ್ದವು. ಎಲ್ಲರಿಗೂ ಅದೇ ಸಾಕ್ಷಿಯಾಯಿತು.

ಯಜಮಾನರಿಗೆ ಹಾಸನಕ್ಕೆ ವರ್ಗವಾದ ಮೇಲೆ ನನ್ನ ಮೈ ಇನ್ನೂ ಕೆಟ್ಟಿತು. ಮುಖ ಊದಿಕೊಂಡಿತು, ದನಿ ಗಂಡಸರ ದನಿಯಂತಾಯಿತು, ಕೂತಲ್ಲೇ ನಿದ್ದೆ. ವೈಶಾಖದಲ್ಲೂ ನನಗೆ ಚಳಿ. ಒಂದು ಹೊತ್ತು ಉಂಡರೂ ಮೈ ಏರುತ್ತಿತ್ತು. ಇನ್ನೂ ಎರಡು ವ್ರತ ಹೆಚ್ಚಿಗೆ ಹಿಡಿದೆ. ಕೊನೆಗೆ ಯಜಮಾನರು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಗಡುಸು ಹೆಂಗಸು, ಮಾತು ಚುರುಕು. ಕತ್ತು ಮುಟ್ಟಿ, ಕಣ್ಣು ನೋಡಿ, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದರು.

"ಏನು ತಿಂತೀರಿ?"

"ಒಪ್ಪೊತ್ತು ಡಾಕ್ಟ್ರೇ. ವಾರದಲ್ಲಿ ನಾಲ್ಕು ದಿನ ಉಪವಾಸ."

"ಉಪವಾಸ ಮಾಡಿ ಯಾರನ್ನ ಸರಿ ಮಾಡ್ತಿದ್ದೀರಿ? ಕೆಟ್ಟಿರೋದು ಹೊಟ್ಟೆ ಅಲ್ಲ, ಕತ್ತು."

ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದರು. ಕತ್ತಿನಲ್ಲಿ ಒಂದು ಗ್ರಂಥಿ ಇದೆ, ಅದು ಒಂದು ರಸವನ್ನು ರಕ್ತಕ್ಕೆ ಬಿಡುತ್ತದೆ, ಅದಕ್ಕೆ ಹಾರ್ಮೋನು ಎನ್ನುತ್ತಾರೆ. "ಒಲೆ ಊದೋ ಕೊಳವೆ ಗೊತ್ತಲ್ಲ? ಈ ರಸ ಮೈಯೊಳಗೆ ಅದೇ ಕೆಲಸ ಮಾಡುತ್ತೆ. ಊದೋದು ಕಡಿಮೆಯಾದರೆ ಸೌದೆ ಉರಿಯೋಲ್ಲ, ಹಾಗೇ ಒಟ್ಟಿಕೊಳ್ಳುತ್ತೆ. ನಿಮ್ಮದು ಅದು. ಹಸಿವು, ತೃಪ್ತಿ, ಮೈಯ ತೂಕ ಎಲ್ಲಾ ಮನುಷ್ಯನ ಕೈಯಲ್ಲಿದೆ ಅಂದುಕೊಂಡಿದ್ದೀರಿ. ಅರ್ಧ ಇಂಥ ರಸಗಳ ಕೈಯಲ್ಲಿದೆ. ನಮಗೂ ಇನ್ನೂ ಪೂರ್ತಿ ಗೊತ್ತಾಗಿಲ್ಲ."

ಬರೆದುಕೊಟ್ಟ ಮಾತ್ರೆ ಪ್ರಾಣಿಯ ಗ್ರಂಥಿಯನ್ನು ಒಣಗಿಸಿ ಮಾಡಿದ್ದಂತೆ. ನನ್ನ ಜೀವ ಹಾರಿತು. "ಶನಿವಾರವೂ ನುಂಗಬೇಕೇ?"

"ಶನಿವಾರ ನಿಮ್ಮ ಕತ್ತಿಗೆ ರಜವಾ?"

ನನಗೆ ನಗು ಬಂತು. ಅವರು ಚೀಟಿ ಮಡಿಸುತ್ತ, ಯಾರಿಗೋ ಹೇಳುವಂತೆ ಮುಂದುವರಿಸಿದರು. "ನಿಮ್ಮದು ವಾಸಿ ಕಣಮ್ಮ. ಕೆಲವರಿಗೆ ಇದೇ ರಸ ಉಕ್ಕಿ ಹರಿಯುತ್ತೆ. ಕೊಳವೆ ಹಿಡಿದು ಹಗಲೂ ರಾತ್ರಿ ಯಾರೋ ಊದಿದ ಹಾಗೆ. ಎಷ್ಟು ಸೌದೆ ತುರುಕಿದರೂ ಬೂದಿ. ತಿಂದಷ್ಟೂ ಹಸಿವು, ತಿಂದಷ್ಟೂ ಸಣ್ಣ. ಚಳಿಯಲ್ಲೂ ಬೆವರು, ಕಣ್ಣು ಮುಂದಕ್ಕೆ ಬರುತ್ತೆ, ಕೈ ನಡುಗುತ್ತೆ..."

ಆಮೇಲೆ ಅವರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಕುರ್ಚಿಯ ತೋಳನ್ನು ಹಿಡಿದುಕೊಂಡು ಕೂತಿದ್ದೆ. "ಹಾಗೇ ಬಿಟ್ಟರೆ ಏನಾಗುತ್ತೆ?" ಎಂದು ಕೇಳಿದ್ದು ನೆನಪಿದೆ. "ಹೃದಯ ದಣಿಯುತ್ತೆ," ಎಂದರು.

ಮಾರನೆಯ ದಿನವೇ ದುದ್ದದ ಬಸ್ಸು ಹತ್ತಿದೆ. ಅಲ್ಲಿಂದ ಕಾಲುಹಾದಿ. ತಮ್ಮನ ಮನೆಯ ಹಟ್ಟಿಯಲ್ಲಿ ಅವಳು ಗೋಡೆಗೊರಗಿ ಕೂತಿದ್ದಳು. ಮೂಳೆಯ ಮೇಲೆ ಚರ್ಮ. ಕಾಲು ಮಾತ್ರ ಊದಿತ್ತು. ತಮ್ಮನ ಹೆಂಡತಿ ನನ್ನ ಪಕ್ಕ ಬಂದು ಪಿಸುಗುಟ್ಟಿದಳು. "ಕೊಟ್ಟಷ್ಟೂ ತಿಂತಾಳೆ ಕಣ್ರವ್ವ, ಎಲ್ಲೋಯ್ತದೋ. ಹೊಟ್ಟೇಲಿ ಏನೋ ಸೇರ್ಕಂಡದೆ ಅಂತ ತಾಯ್ತ ಕಟ್ಸಿದ್ವಿ." ಆ ಮನೆಯಲ್ಲಿ ಅವಳಿಗೆ ಹೊತ್ತಿಗೆ ಒಂದೇ ಮುದ್ದೆ ಎಂದು ಗೊತ್ತುಮಾಡಿದ್ದರು. ಬಡವರು, ಇನ್ನೇನು ಮಾಡಿಯಾರು.

ಅವಳು ನನ್ನನ್ನು ಕಂಡು ಮುಖ ತಿರುಗಿಸಲಿಲ್ಲ, ಬನ್ನಿ ಎನ್ನಲೂ ಇಲ್ಲ. ನಾನು ನಿಂತೇ ಹೇಳಿದೆ: ಇದು ಕಾಯಿಲೆ, ಹೆಸರಿದೆ, ಮಾತ್ರೆ ಇದೆ.

"ಮಾತ್ರೆ ಅದಾ?" ಎಂದು ಊದಿದ ಕಾಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ಹಸ್ವಿಗೂ ಮಾತ್ರೆ ಅದಾ?"

ಹಾಸನಕ್ಕೆ ಕರೆತಂದೆ. ನಮ್ಮ ಮನೆಯಲ್ಲೇ ಮೂರು ತಿಂಗಳು ಇದ್ದಳು. ಯಜಮಾನರು ಒಂದು ಮಾತೂ ಎದುರು ಹೇಳಲಿಲ್ಲ, ತಾವೇ ಮೈಸೂರಿನಿಂದ ಮಾತ್ರೆ ತರಿಸಿದರು. ಆಪರೇಷನ್ ಮಾಡಬಹುದಿತ್ತು, ಈ ಹೃದಯ ತಡೆಯುವುದಿಲ್ಲ ಎಂದರು ಡಾಕ್ಟರು. ಬೇಗ ಕರೆತರಬೇಕಿತ್ತು ಎಂದೂ ಅಂದರು. ಯಾರು ಕರೆತರಬೇಕಿತ್ತು ಎಂದು ನಾನು ಕೇಳಲಿಲ್ಲ.

ಮೊದಲ ವಾರಗಳಲ್ಲಿ ಅವಳು ಆರು ಮುದ್ದೆ ಉಣ್ಣುವುದನ್ನು ಕಣ್ಣಾರೆ ಕಂಡೆ. ಅದರಲ್ಲಿ ಸುಖವಿರಲಿಲ್ಲ, ರುಚಿಯಿರಲಿಲ್ಲ. ಬೆಂಕಿ ಬಿದ್ದ ಮನೆಗೆ ನೀರು ಎರಚುವವರ ಆತುರ. ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ, ಎರಡನೆಯ ಮುದ್ದೆ ಅರ್ಧ ಮುಗಿದಿತ್ತು, ನಾನು ಅಭ್ಯಾಸಬಲದಿಂದ ಮೂರನೆಯದನ್ನು ಹಿಡಿದು ಬಗ್ಗಿದೆ. ಅವಳು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು. ಹಿಡಿದವಳು ತಾನೇ ಬೆರಗಾಗಿ ಕೈಯನ್ನು ನೋಡಿದಳು.

"ಅಮ್ಮಾರೆ... ಸಾಕು ಅನ್ನುಸ್ತು."

ಅಷ್ಟು ವರ್ಷದಲ್ಲಿ ಅವಳ ಹೊಟ್ಟೆ ಆಡಿದ ಮೊದಲ ಮಾತು ಅದು. ಇಬ್ಬರೂ ಅತ್ತೆವು. ತಟ್ಟೆಯಲ್ಲಿ ಮಿಕ್ಕ ಅರ್ಧ ಮುದ್ದೆಯನ್ನು ಹಸುವಿಗೆ ಹಾಕಿ ಬಂದೆ. ದೇವರು ಅವಳಿಗೆ ಕೊಟ್ಟ ಒಂದೇ ಸುಖ ಎಂದು ಅದನ್ನು ನಾನು ಎಣಿಸಿಕೊಂಡಿದ್ದೇನೆ.

ಹೊಟ್ಟೆ ತುಂಬಿದ ಮೇಲೆ ಅವಳಿಗೆ ಬೇರೆ ಯೋಚನೆಗೆ ಬಿಡುವಾಯಿತು. ಊರಿಗೆ ಹೊರಡುವ ಹಿಂದಿನ ದಿನ ಹೇಳಿದಳು. "ನಂಗೊಂದಾಗ್ಬೇಕು. ಚನ್ರಾಯ್‌ಪಟ್ಣದೋರ್ಗೆ ಯೋಳಿ. ಕದೀಲಿಲ್ಲ ಅಂತ ಯೋಳ್ಬ್ಯಾಡಿ. ಕದ್ದೆ, ನಿಜ. ಹುಡುಗ್ರು ಪಾಲು ತಿಂದೆ. ಆದ್ರೆ ಮಾರ್ಲಿಲ್ಲ, ತಿಂದೆ. ಅಷ್ಟು ಯೋಳಿ. ನನ್ ತಮ್ಮನ್ನ ಕಂಡ್ರೆ ಈಗ್ಲೂ ಸಂತೆನಾಗೆ ರಾಗಿ ಕಳ್ಳ ಅಂತಾರೆ."

ಚನ್ನರಾಯಪಟ್ಟಣಕ್ಕೆ ನಾನೊಬ್ಬಳೇ ಹೋದೆ. ಮುಖ್ಯಸ್ಥರು ಕಾಯಿರಾಶಿಯ ನಡುವೆ ಕುರ್ಚಿ ಹಾಕಿಸಿ ಕೂರಿಸಿದರು. ಎಲ್ಲವನ್ನೂ ಹೇಳಿದೆ, ಕತ್ತಿನ ರಸ, ಒಲೆಯ ಕೊಳವೆ, ಮಾತ್ರೆ. ಅವರು ತಾಳ್ಮೆಯಿಂದಲೇ ಕೇಳಿದರು.

"ಡಾಕ್ಟ್ರು ಹೇಳಿದ್ದು ಇರಬಹುದು. ಆದ್ರೆ ತಾಯಿ ಮುಂದೆ ಕರ್ಪೂರ ಬಿತ್ತಲ್ಲವ್ವ. ತಾಯಿ ಸುಳ್ಳು ಹೇಳ್ತಾಳಾ?"

ಆ ಪ್ರಶ್ನೆಯನ್ನು ನನಗೆ ನಾನೇ ಎಷ್ಟೋ ದಿನ ಕೇಳಿಕೊಂಡಿದ್ದೆ. "ತಾಯಿ ಸುಳ್ಳು ಹೇಳಲಿಲ್ಲ. ಇವಳ ಮೈಯಲ್ಲಿ ಏನೋ ಕೆಟ್ಟಿದೆ, ನೋಡಿ ಅಂತ ಎಲ್ಲರೆದುರು ಕೈ ಅಲ್ಲಾಡಿಸಿ ತೋರಿಸಿದಳು. ನಾವು ತಿಳಿದುಕೊಂಡದ್ದು ತಪ್ಪು."

ಅವರು ಉರುಳಿದ ಒಂದು ಕಾಯನ್ನು ರಾಶಿಗೆ ಸೇರಿಸಿದರು. "ಕರ್ಪೂರ ತಂದೋರು ಯಾರು?"

"ನಾನು."

"ಕೈ ನಡುಗೋದು ಗೊತ್ತಿದ್ದೋರು ಯಾರು?"

"ನಾನೇ."

"ಮತ್ತೆ ನನ್ನ ಹತ್ರ ಯಾಕ್ ಬಂದ್ರಿ ತಾಯಿ?"

ಹೊರಡುವಾಗ ಬರಿಗೈಲಿ ಕಳಿಸಬಾರದೆಂದು ಎರಡು ಕಾಯಿ ಕೊಟ್ಟರು. ಒಪ್ಪಿಕೊಂಡೆ ಎಂದು ಮಾತ್ರ ಅವರು ಹೇಳಲಿಲ್ಲ.

ಮರುವಾರ ಅವಳ ಹಳ್ಳಿಗೆ ಹೋದೆ. ಸುಳ್ಳು ಹೇಳಿಬಿಡಲೇ ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ. ಅವಳೆದುರು ಕೂತ ಮೇಲೆ ಆಗಲಿಲ್ಲ. "ಅವರು ಒಪ್ಪಲಿಲ್ಲ ಅಕ್ಕಯ್ಯ," ಎಂದೆ.

"ಅವ್ರ್ ಯಾಕ್ ಒಪ್ತಾರೆ? ಅವ್ರು ವರ್ಸಕ್ಕೊಂದ್ ಸಲ ಬರೋರು." ಉಸಿರು ಸಾಲದೆ ಸ್ವಲ್ಪ ನಿಲ್ಲಿಸಿದಳು. "ನೀವು ಗ್ವಾಡೆ ಪಕ್ದಾಗಿದ್ರಿ. ಅವತ್ತು ನೀವೊಬ್ರು ಬಾಯ್ ಬುಟ್ಟಿದ್ರೆ ಆಗಿರೋದು. ಇವತ್ತು ಊರೆಲ್ಲ ನಂಬುದ್ರೂ ನಾನೇನ್ ಮಾಡ್ಕಳ್ಳಿ ಅದ್ನ?"

"ತಪ್ಪಾಯಿತು ಅಕ್ಕಯ್ಯ."

"ಊಂ," ಎಂದಳು. "ತಪ್ಪಾಯ್ತು."

ನಮ್ಮ ಕಡೆ ಯಾರಾದರೂ ತಪ್ಪಾಯಿತು ಎಂದರೆ, ಎಂಥ ದೊಡ್ಡ ತಪ್ಪೇ ಇರಲಿ, ಎದುರಿನವರು "ಅಯ್ಯೋ ಬುಡಿ" ಎನ್ನುತ್ತಾರೆ. ಮನಸ್ಸಿನಲ್ಲಿ ಇಲ್ಲದಿದ್ದರೂ ಬಾಯಿಗೆ ಬರುತ್ತದೆ. ನಾನು ಅದಕ್ಕಾಗಿ ಕಾದೆ. ಹೊರಗೆ ತಮ್ಮನ ಹೆಂಡತಿ ದನಕ್ಕೆ ಹುಲ್ಲು ಹಾಕಿ ಬಂದಳು, ಒಳಗೆ ಹೋದಳು, ಮತ್ತೆ ಬಂದಳು. ನಾನು ಇನ್ನೂ ಕೂತೇ ಇದ್ದೆ.

"ಬಸ್ಸಿನ್ ಹೊತ್ತಾಯ್ತದೆ ಅಮ್ಮಾರೆ," ಎಂದಳು ಅಕ್ಕಯ್ಯ.

ಎದ್ದು ಬಂದೆ.